ಮುನಿಯಮ್ಮ ಶಾಲೆ ನೋಡಿ ಬಂದದ್ದು

ಹೊಂಗನೂರಿನ ಮುನಿಯಮ್ಮನ ಮೊಮ್ಮಗಳು ಪುಟ್ಟಿ ಬಲು ಚುರುಕು. ರೇಷ್ಮೆಹುಳು ಗೂಡು ಕಟ್ಟುವಷ್ಟು ಹಣ್ಣಾಗಿದೆಯೇ ಎಂದು ನೋಡಿದೊಡನೆ ಹೇಳುತ್ತಾಳೆ. ಆದರೆ ನಾಲ್ಕನೇ ತರಗತಿಗೆ ಬಂದರೂ ಓದಲು ಬಾರದು. 'ಮರ' ಎಂದರೆ 'ರಮ' ಎಂದು ಬರೆಯುತ್ತಾಳೆ. ತರಗತಿಯಲ್ಲಿ ಅವಳು ಓದಲು ಎದ್ದರೆ ಮಕ್ಕಳೆಲ್ಲ ನಗುತ್ತಾರೆ. ಈಚೆಗೆ ಶಾಲೆಯ ಹೊತ್ತಿಗೆ ಸರಿಯಾಗಿ ಹೊಟ್ಟೆನೋವೆಂದು ಮಲಗಿಬಿಡುತ್ತಿದ್ದಳು.

"ಎಷ್ಟು ಹೊಡುದ್ರೂ ತಲೆಗೆ ಹತ್ತಲ್ಲ. ಸ್ಕೂಲು ಬುಡ್ಸಿಬುಡ್ತೀನಿ," ಎಂದ ಅಪ್ಪ ಜಯಕುಮಾರ್. ಅಮ್ಮ ರಾಧಾಮಣಿ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಹಾಲಿಗೆಂದು ಬಂದಿದ್ದ ಪಕ್ಕದ ಮನೆಯ ಮಜೀದಾ ತಡೆದಳು. "ನಮ್ಮ ಹುಡ್ಗ ಅದ್ನಾನೂ ಹಿಂಗೇ ಇದ್ದ ಜಯಣ್ಣ. ದಡ್ಡತನ ಅಲ್ಲ ಇದು, ಕಲಿಕಾ ನ್ಯೂನತೆ ಅಂತಾರೆ. ಅಕ್ಷರ ಗುರ್ತು ಹಿಡಿಯಾಕೆ ಕಷ್ಟ ಆಯ್ತದೆ. ಕಲ್ಸೋ ರೀತೀಲಿ ಕಲ್ಸುದ್ರೆ ಕಲೀತವೆ. ಮಾಗಡಿ ಕಡೆ ಹಾಸ್ಟೆಲ್ ಸ್ಕೂಲು ಐತೆ, ಅಲ್ಲೇ ಅವ್ನು ಓದ್ತಿರಾದು."

"ಮಗೀನ ಹುಚ್ಚರ ಸ್ಕೂಲಿಗೆ ಹಾಕಾದಾ? ಕೂಡಾಕಿ ಹೊಡೀತಾರೆ ಕಣಮ್ಮಿ!" ಎಂದು ಮುನಿಯಮ್ಮ ಗದರಿದಳು.

"ಇಲ್ಲಿ ಹೊಡೀತಿಲ್ವಾ ಮುನಿಯಮ್ಮಕ್ಕ? ಬಂದು ಕಣ್ಣಾರೆ ನೋಡಿ, ಆಮೇಲೆ ಬೈರಿ."

ಶನಿವಾರ ಪುಟ್ಟಿಯನ್ನೂ ಕರೆದುಕೊಂಡು, ರಾಮನಗರದಲ್ಲಿ ಬಸ್ಸು ಬದಲಿಸಿ, ಮಜೀದಾ, ಮುನಿಯಮ್ಮ ಇಬ್ಬರೂ ಆ ಶಾಲೆಗೆ ಹೋದರು. ಮುನಿಯಮ್ಮ ನೇರ ಅಡುಗೆಮನೆಗೆ ನುಗ್ಗಿ ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. ಮಕ್ಕಳು ಮಲಗುವ ಕೋಣೆಗೆ ಹೊರಗಿನಿಂದ ಬೀಗ ಹಾಕುತ್ತಾರೇನೋ ಎಂದು ಬಾಗಿಲು ತಡವಿದಳು. ಎದುರಾದ ಹುಡುಗಿಯನ್ನು ನಿಲ್ಲಿಸಿ, "ಹೊಡೀತಾರೇನವ್ವ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲಜ್ಜಿ. ಆದ್ರೆ ಮನೆ ಗ್ಯಾಪ್ಕ ಬತ್ತದೆ," ಎಂದಿತು ಮಗು. ಅದು ಸುಳ್ಳು ಹೇಳುತ್ತಿಲ್ಲ ಎಂದು ಮುನಿಯಮ್ಮನಿಗೆ ಅನ್ನಿಸಿತು.

ತರಗತಿಯಲ್ಲಿ ಬೆರಳೆಣಿಕೆಯ ಮಕ್ಕಳು. ಕೆಲವರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಅದ್ನಾನ್ ಎದ್ದು ಓದತೊಡಗಿದ. ನಡುವೆ ತಪ್ಪಿ ನಿಂತುಬಿಟ್ಟ. ಬಾಗಿಲಲ್ಲಿದ್ದ ಪುಟ್ಟಿ ಅಜ್ಜಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಟೀಚರ್ ರಕ್ಷಿತಾ ಸುಮ್ಮನೆ ಕಾದರು. ಅದ್ನಾನ್ ಆ ಪದದ ಕೆಳಗೆ ಬೆರಳಿಟ್ಟು, ಬಿಡಿಸಿ ಓದಿ, ಸಾಲು ಮುಗಿಸಿ ಕೂತ.

"ಅಜ್ಜಿ, ಯಾರೂ ನಗ್ಲೇ ಇಲ್ಲ," ಎಂದಳು ಪುಟ್ಟಿ.

ಈ ಮಗು ಇಷ್ಟು ದಿನ ಎಷ್ಟು ಹೆದರಿಕೊಂಡಿತ್ತು ಎಂಬುದು ಮುನಿಯಮ್ಮನಿಗೆ ಆಗ ಹೊಳೆಯಿತು. "ಈಗ್ಲೇ ಸೇರುಸ್ಕಳಿ ಮೇಡಂ," ಎಂದಳು.

"ಅವಸರ ಬೇಡ ಅಜ್ಜಿ," ಎಂದರು ರಕ್ಷಿತಾ. "ಮೊದಲು ಕಣ್ಣು, ಕಿವಿ ತೋರಿಸಿ. ಆಮೇಲೆ ಜಿಲ್ಲಾ ಆಸ್ಪತ್ರೆಯಲ್ಲಿ ತಜ್ಞರು ನೋಡ್ಲಿ. ಎಷ್ಟೋ ಮಕ್ಕಳಿಗೆ ಹಾಸ್ಟೆಲ್ ಬೇಕಾಗೋದಿಲ್ಲ, ಊರಿನ ಶಾಲೇಲೇ ಕಲೀತಾರೆ."

ಮನೆಗೆ ಬಂದವಳೇ ಮುನಿಯಮ್ಮ ಮಗನಿಗೆ ಹೇಳಿದಳು: "ಇನ್ಮ್ಯಾಕೆ ಮಗೀನ ಮ್ಯಾಲೆ ಕೈ ಎತ್ತುದ್ರೆ ನೋಡ್ಕ! ಆಸ್ಪತ್ರೆಗೆ ಕರ್ಕೊಂಡು ಹೋಗು."

ಜಯಕುಮಾರ್ ಕರೆದುಕೊಂಡು ಹೋದ. ಕಲಿಕಾ ನ್ಯೂನತೆ ಇದೆ, ಬುದ್ಧಿಗೇನೂ ಕೊರತೆಯಿಲ್ಲ ಎಂದರು ತಜ್ಞರು. ಊರಿನ ಶಾಲೆಯಲ್ಲಿ ಹಾಗೆ ಕಲಿಸುವವರಿರಲಿಲ್ಲ. ಮನೆಯವರೆಲ್ಲ ಕೂತು ಮಾತಾಡಿ, ಪುಟ್ಟಿಯನ್ನೂ ಕೇಳಿ, ಜೂನ್‌ನಲ್ಲಿ ಆ ವಸತಿ ಶಾಲೆಗೆ ಸೇರಿಸಿದರು. ಮೊದಲ ವಾರ ಪುಟ್ಟಿ ಅತ್ತಳು, ಇಲ್ಲಿ ರಾಧಾಮಣಿಯೂ ಅತ್ತಳು. ದಸರಾ ರಜೆಗೆ ಬಂದವಳು ಅಪ್ಪನ ಪಕ್ಕ ಕೂತು ಒಂದು ಪುಟ ಓದಿದಳು. ನಿಧಾನವಾಗಿ, ತಪ್ಪುತ್ತಾ, ಆದರೆ ಪೂರ್ತಿ.

ನಿಮ್ಮ ಮನೆಯಲ್ಲೂ ಎಲ್ಲದರಲ್ಲೂ ಚುರುಕಾಗಿದ್ದು ಓದು ಬರಹಕ್ಕೆ ಮಾತ್ರ ತಿಣುಕುವ ಮಗುವಿದೆಯೇ? ಹೊಡೆಯಬೇಡಿ, ದಡ್ಡ ಎನ್ನಬೇಡಿ, ಶಾಲೆ ಬಿಡಿಸಬೇಡಿ. ಶಿಕ್ಷಕರನ್ನೋ ಆಶಾ ಕಾರ್ಯಕರ್ತೆಯನ್ನೋ ವಿಚಾರಿಸಿ, ಪರೀಕ್ಷೆ ಮಾಡಿಸಿ. ವಸತಿ ಶಾಲೆ ಬೇಕೆಂದಾದರೆ ನೀವೇ ಹೋಗಿ ನೋಡಿ, ಅಲ್ಲಿನ ಮಕ್ಕಳನ್ನು ಮಾತಾಡಿಸಿ, ಆಮೇಲೆ ತೀರ್ಮಾನ ಮಾಡಿ. ತಡ ಮಾಡಿದಷ್ಟೂ ಮಗುವಿಗೆ ಕಷ್ಟ.