ಅತ್ತೆಯ ಮುಖ

ರಾಜೂರಿನಲ್ಲಿ ಅರ್ಧ ಊರು ಗುಡ್ಡವ್ವನ ಕೈಯೊಳಗೆ ಹುಟ್ಟಿದ್ದು. ಊರು ಅದನ್ನು ಮರೆಯಲು ಗುಡ್ಡವ್ವ ಬಿಡುತ್ತಿರಲಿಲ್ಲ. ಮೀಸೆ ತಿರುವುವ ಗಂಡಸರನ್ನೂ ಬೀದಿಯಲ್ಲಿ ನಿಲ್ಲಿಸಿ, "ಹೊರಗ ಬರಾಕ ಎಷ್ಟ್ ಕಾಡಿದಿ ಗೊತ್ತೈತೇನ?" ಎಂದು ಕೇಳುವ ಹೆಂಗಸು ಅವಳು. ಅಂಥ ಸೂಲಗಿತ್ತಿ ತನ್ನ ವಿದ್ಯೆಯನ್ನು ಯಾರಿಗೂ ಕಲಿಸಿರಲಿಲ್ಲ. ಮನೆಯಲ್ಲೇ ಇದ್ದ ಸೊಸೆ ರೇಣುಕವ್ವನನ್ನು ಹೆರಿಗೆ ಕೋಣೆಯ ಹೊಸ್ತಿಲು ದಾಟಲೂ ಬಿಟ್ಟವಳಲ್ಲ.

ಧಾರವಾಡ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ, ಒಂದು ಬೆಳಿಗ್ಗೆ, ಗುಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುವಾಗ ಸುಟ್ಟ ವಾಸನೆ ಬಂತು. ರೊಟ್ಟಿ ಚೆನ್ನಾಗೇ ಇತ್ತು. ಸುಡುತ್ತಿದ್ದದ್ದು ಅವಳ ಬೆರಳು. ನೋವೇ ಇರಲಿಲ್ಲ. ಮೊದಲಿನಿಂದ ಜೋಮು ಹಿಡಿಯುತ್ತಿದ್ದ ಎರಡೂ ಕೈ ಈಗ ಪೂರ್ತಿ ಸತ್ತುಹೋಗಿದ್ದವು. ಅವಳಿಗೆ ಸಾವಿಗಿಂತ ಹೆಚ್ಚು ಹೆದರಿಕೆಯಾಯಿತು. ಆ ಕೈ ಬಿಟ್ಟರೆ ಗುಡ್ಡವ್ವ ಎಂಬವಳು ಊರಿಗೆ ಯಾರೂ ಅಲ್ಲ. ಸುಟ್ಟ ಬೆರಳಿಗೆ ಎಣ್ಣೆ ಹಚ್ಚಿ, ಸೆರಗಿನಲ್ಲಿ ಮುಚ್ಚಿಕೊಂಡು ಸೊಸೆಯನ್ನು ಕರೆದಳು.

"ನಾಳಿಂದ ನನ್ ಜೋಡಿ ಬಾ. ಈ ಕೆಲಸ ಕಲತಗೋ."

ಮುದುಕಿಗೆ ಕಡೆಗೂ ಬುದ್ಧಿ ಬಂತು ಎಂದು ಊರು ನಕ್ಕಿತು. ಕಾರಣ ಯಾರಿಗೂ ಗೊತ್ತಿರಲಿಲ್ಲ, ಸೊಸೆಗೂ.

ಕೈ ಮಾಡುತ್ತಿದ್ದುದನ್ನು ಬಾಯಿಂದ ಹೇಳಬೇಕಾಗಿ ಬಂದಾಗ ಗುಡ್ಡವ್ವ ತಡವರಿಸಿದಳು. "ಒತ್ತಬ್ಯಾಡ, ಎಳೀಬ್ಯಾಡ. ಬರೂದು ತಾನ ಬರ್ತೈತಿ, ನೀ ದಾರಿ ಬಿಟ್ಟು ಕುಂದ್ರು" ಎನ್ನುತ್ತಿದ್ದಳು. "ಯಾವಾಗ ಕಾಯಬೇಕು, ಯಾವಾಗ ಕಾಯಬಾರದು, ಹ್ಯಾಂಗ ತಿಳೀತೈತ್ರಿ ಅತ್ತಿ?" ಎಂದು ಸೊಸೆ ಕೇಳಿದರೆ ಉತ್ತರಕ್ಕಾಗಿ ದಿನಗಟ್ಟಲೆ ಒದ್ದಾಡುತ್ತಿದ್ದಳು. ಸಿಕ್ಕಾಗ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಹೇಳುತ್ತಿದ್ದಳು. ತಾನು ಏನೇನು ಬಲ್ಲೆ ಎಂಬುದು ಆ ವಯಸ್ಸಿನಲ್ಲಿ ಅವಳಿಗೆ ತಿಳಿಯತೊಡಗಿತ್ತು. ಏನೇನು ಗೊತ್ತಿಲ್ಲ ಎಂಬುದೂ. ಅದೊಂದು ಸುಖವಾಗಿತ್ತು, ಸುಳ್ಳು ಯಾಕೆ ಹೇಳಬೇಕು.

ಆದರೆ ಅವಳ ಬಾಯಿ ಹಾಳು ಬಾಯಿ. ಹೊಟ್ಟೆಯ ಆಕಾರ ನೋಡಿ, ಬಸುರಿಯ ಮಾತು ಕೇಳಿ ತಾನು ಅಂದಾಜು ಹಾಕುವಳು. ಕೈಗೆ ತಿಳಿಯದ್ದನ್ನು ಸೊಸೆಯಿಂದ ತಿಳಿಯುವಳು. ಆದರೆ ಕೇಳುವುದು ಮಾತ್ರ ಸಾಲಿ ಮಾಸ್ತರನ ಧಾಟಿಯಲ್ಲಿ. ತನ್ನ ಅಂದಾಜಿಗೆ ಹೊಂದದ ಉತ್ತರ ಬಂದರೆ, "ನಿಮ್ಮವ್ವ ನಿನಗ ಕೈ ಕೊಟ್ಟಾಳೋ ಕಟಗಿ ಕೊಟ್ಟಾಳೋ" ಎಂದು ಎಲ್ಲರೆದುರು ಬೈಯುವಳು. ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ಅತ್ತೆ ಕೇಳಿದರೆ, ನಾಲಿಗೆಯನ್ನು ಬಿಟ್ಟು ಅತ್ತೆಯ ಮುಖ ನೋಡಿ ಉತ್ತರ ಹೇಳುವುದನ್ನು ನಮ್ಮ ಕಡೆ ಯಾವ ಸೊಸೆಗೂ ಕಲಿಸಬೇಕಾಗಿಲ್ಲ. ರೇಣುಕವ್ವ ಇಲ್ಲಿಯೂ ಅದನ್ನೇ ಮಾಡತೊಡಗಿದಳು. ಕೈ ಬಸುರಿಯ ಹೊಟ್ಟೆಯ ಮೇಲೆ, ಕಣ್ಣು ಅತ್ತೆಯ ಮುಖದ ಮೇಲೆ.

ಹತ್ತಿ ಹಿಂಜಿ ಗಾದಿ ತುಂಬುವ ಬಾಷಾಸಾಬನ ಹೆಂಡತಿ ಬಾನುಬಿಗೆ ಒಂದು ಬೆಳಿಗ್ಗೆ ಬೇನೆ ಶುರುವಾಯಿತು. ಚೊಚ್ಚಲು. ಬಾಷಾಸಾಬ ಅಂಗಳದಲ್ಲಿ ಕೂತು ಕೂಸಿಗೆಂದು ಸಣ್ಣ ಗಾದಿ ಹೊಲಿಯುತ್ತಿದ್ದ. ಒಳಗೆ ಗುಡ್ಡವ್ವ ಬಾನುಬಿಯ ಹೊಟ್ಟೆಯ ಮೇಲೆ ಸತ್ತ ಕೈ ಇಟ್ಟಳು. ಏನೂ ತಿಳಿಯಲಿಲ್ಲ. ಸೊಸೆಯ ಕೈ ಇಡಿಸಿದಳು.

"ತಲಿ ಕೆಳಗೈತೆಲ್ಲಾ?"

ರೇಣುಕವ್ವ ಅತ್ತೆಯ ಮುಖ ನೋಡಿದಳು. "ಹೌದ್ರಿ ಅತ್ತಿ."

"ಹಂಗಾರ ಕಾಯೂಣು."

ಕಾದರು. ಹೊತ್ತು ನೆತ್ತಿಗೇರಿ ಇಳಿಯಿತು. ಕೂಗಿ ಕೂಗಿ ಬಾನುಬಿಯ ದನಿ ಬಿದ್ದುಹೋಯಿತು. ಕಡೆಗೆ ಮೊದಲು ಕಂಡದ್ದು ಕೂಸಿನ ಪಾದ. ಮೈ ಬಂತು, ತಲೆ ಸಿಕ್ಕಿಕೊಂಡಿತು. ಪೂರ್ತಿ ಹೊರಗೆ ಬರುವಷ್ಟರಲ್ಲಿ ಗಂಡುಕೂಸು ನೀಲಿಯಾಗಿತ್ತು. ಬೆಳಿಗ್ಗೆಯೇ ಗೊತ್ತಾಗಿದ್ದರೆ ಗಾಡಿ ಹೂಡಿಸಿ ಗಜೇಂದ್ರಗಡದ ದವಾಖಾನೆಗೆ ಒಯ್ಯಬಹುದಿತ್ತು. ದಾರಿ ದೂರವೇನಲ್ಲ.

ಬಾನುಬಿ ಉಳಿದಳು. ಬಾಷಾಸಾಬ ಸಣ್ಣ ಗಾದಿಯ ಹೊಲಿಗೆ ಬಿಚ್ಚಿ, ಹತ್ತಿಯನ್ನು ತಿರುಗಿ ರಾಶಿಗೆ ಹಾಕಿದ.

ಮನೆಗೆ ಬಂದ ಮೇಲೆ ಗುಡ್ಡವ್ವ ಒಲೆಯ ಮುಂದೆ ಸೊಸೆಯನ್ನು ಕೇಳಿದಳು. "ನಿನ್ನ ಕೈಗೆ ಏನ್ ಹತ್ತಿತ್ತು? ಖರೇ ಹೇಳು."

"ಆಕಿ ಎದಿಗೂಡಿನ ಕೆಳಗ ತಲಿ ಇದ್ದಂಗ ಗುಂಡಗ, ಗಟ್ಟಿಗಿತ್ರಿ. ಕೆಳಗ ಮೆತ್ತಗಿತ್ತು."

"ಮತ್ತ ಹೌದಂತ ಯಾಕಂದಿ?"

"ನೀವ ಕೆಳಗೈತಿ ಅಂದ್ರೆಲ್ಲಾ. ನಿಮಗ ಗೊತ್ತಿದ್ದದ್ದನ್ನ ಕೇಳಿ ಪರೀಕ್ಷಾ ಮಾಡಾಕತ್ತೀರಿ ಅನ್ಕೊಂಡೆ. ನನ್ ಕೈನ ತಪ್ಪಿರಬೇಕು ಅನಿಸ್ತ್ರಿ."

ಗುಡ್ಡವ್ವ ಒಲೆಯ ಮೇಲಿನ ಕಾದ ಹಂಚನ್ನು ಬರಿಗೈಯಲ್ಲಿ ಹಿಡಿದಳು. ಹಿಡಿದೇ ಕೂತಳು. ಸೊಸೆ ಚೀರಿ ಕೈ ಎಳೆದಳು.

"ಪರೀಕ್ಷಾ ಅಲ್ಲವ್ವಾ. ನನಗ ತಿಳೀಲಿಲ್ಲ. ನಿನ್ನ ಕೇಳಾಕತ್ತಿದ್ದೆ" ಎಂದಳು ಗುಡ್ಡವ್ವ. ಆಮೇಲೆ ಅತ್ತಳು. ಅವಳು ಅತ್ತದ್ದನ್ನು ರೇಣುಕವ್ವ ಅದುವರೆಗೆ ಕಂಡಿರಲಿಲ್ಲ.

ಮರುದಿನ ಬಾಷಾಸಾಬನ ಅಂಗಳದಲ್ಲಿ ನೆರೆಹೊರೆಯವರೆಲ್ಲ ಇದ್ದಾಗ ಗುಡ್ಡವ್ವ ಹೋಗಿ ನಿಂತಳು. "ತಮ್ಮಾ, ನನ್ ಕೈ ಸತ್ತು ಭಾಳ ದಿನ ಆತು. ಮುಚ್ಚಿಟ್ಟೆ. ನಿನ್ನ ಕೂಸಿನ್ನ ಕೊಂದಾಕಿ ನಾನು."

ಬಾಷಾಸಾಬನೂ ಅವಳ ಕೈಯೊಳಗೆ ಹುಟ್ಟಿದವನೇ. ಹತ್ತಿ ಹಿಂಜುವುದನ್ನು ನಿಲ್ಲಿಸದೆ, "ಹೋಗ ಬೇ ಆಯಿ" ಎಂದ, ಅಷ್ಟೇ.

ರಾಜೂರಿನವರು ಆಮೇಲೆ ಅವಳನ್ನು ಕರೆಯಲಿಲ್ಲ. ತಿಂಗಳುಗಳು ಕಳೆದ ಮೇಲೆ ಪಕ್ಕದ ಊರು ಲಕ್ಕಲಕಟ್ಟಿಯ ದೇವಪ್ಪ ತನ್ನ ಮಗಳ ಹೆರಿಗೆಗೆ ಕರೆಯಲು ಬಂದ. ಸುದ್ದಿ ಅಲ್ಲಿಗೂ ಮುಟ್ಟಿತ್ತು. ಸೊಸೆಯನ್ನಷ್ಟೇ ಕಳಿಸಿ ಎಂದ. "ಅತ್ತಿ ಬಂದ್ರ ಬರ್ತೀನ್ರಿ" ಎಂದಳು ರೇಣುಕವ್ವ. ಅವನಿಗೆ ಬೇರೆ ದಾರಿ ಇರಲಿಲ್ಲ.

ಆ ಮನೆಯಲ್ಲಿ ರೇಣುಕವ್ವ ಹುಡುಗಿಯ ಹೊಟ್ಟೆಯ ಮೇಲೆ ಕೈ ಇಟ್ಟಳು. ಕಣ್ಣು ರೂಢಿಯಂತೆ ಅತ್ತೆಯ ಕಡೆ ಹೊರಳಿದವು. ಗುಡ್ಡವ್ವ ಗೋಡೆಯ ಕಡೆ ಮುಖ ತಿರುಗಿಸಿ ಕೂತಿದ್ದಳು.

"ಏನೈತಿ ಹೇಳು. ನನಗ ಗೊತ್ತಿಲ್ಲ."

ರೇಣುಕವ್ವನ ಬೆರಳು ಬಹಳ ಹೊತ್ತು ಹುಡುಕಿದವು. "ಅಡ್ಡ ಐತ್ರಿ ಅತ್ತಿ. ಕಾಯೂದು ಬ್ಯಾಡ."

ಒಳಗೆ ಬರುವಾಗಲೇ ಗುಡ್ಡವ್ವ ಆ ಹೊಟ್ಟೆಯ ಆಕಾರ ನೋಡಿದ್ದಳು. ಅವಳ ಅಂದಾಜಿಗೆ ಎಲ್ಲ ಸರಿಯಾಗಿತ್ತು. ಇಡೀ ಜನ್ಮ ನಂಬಿದ್ದ ಅಂದಾಜು ಅದು. ಗೋಡೆ ಹಿಡಿದು ಎದ್ದಳು, ಹೊರಗೆ ಹೋಗಿ ದೇವಪ್ಪನಿಗೆ, "ಲಗೂ ಗಾಡಿ ಹೂಡು" ಎಂದಳು.