ಮಡಕಶಿರದ ಸಂಪಿಗೆ

ಹುಲುಗಪ್ಪನ ಹಾರೆ ಠಣ್ಣೆಂದಿತು. ಗುಂಡಿಯಿಂದ ಸುಣ್ಣಕಲ್ಲಿನ ಬಿಳಿ ಚೂರುಗಳು ಸಿಡಿದು ತ್ರಿವೇಣಿಯ ಕಾಲ ಬಳಿ ಬಿದ್ದವು.

“ಮೇಷ್ಟ್ರು ಗಿಡಕ್ಕಂತ ಎಷ್ಟು ಗುಂಡಿ ತೋಡಿಸ್ಯಾರ! ಪ್ರತಿ ಸಲ ‘ನಿಲ್ಲಪ್ಪ, ಮಣ್ಣು ತೋರ್ಸು’ ಅಂತಿದ್ರು. ಇವತ್ತ ಸುಮ್ನ ಕುಂತಾರ ನೋಡ್ರಿ,” ಎಂದು ಅವನು ಬೆವರು ಒರೆಸಿಕೊಂಡ.

ತ್ರಿವೇಣಿಯ ಅಪ್ಪ, ರಾಯದುರ್ಗದ ನಿವೃತ್ತ ವಿಜ್ಞಾನ ಮೇಷ್ಟ್ರು ಚಂದ್ರಶೇಖರಯ್ಯ, ಹಾರ ಹಾಕಿಸಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದರು. ಅವರ ಪದ್ಧತಿಯಂತೆ ದೇಹವನ್ನು ಹಾಗೆಯೇ ಕೂರಿಸಿ, ಸುತ್ತ ಉಪ್ಪು ತುಂಬಿ, ಹಿತ್ತಲಲ್ಲಿ ಸಮಾಧಿ.

ಅಷ್ಟರಲ್ಲಿ ಸೋದರಮಾವ ರವಿಶಂಕರ ಮಡಕಶಿರದಿಂದ ಬಂದಿಳಿದ. ಕೈಯಲ್ಲಿ ತವರಿನ ಸೀರೆ, ಜೊತೆಗೊಂದು ಸಂಪಿಗೆ ಸಸಿ.

“ಅಕ್ಕನೇ ಫೋನ್ ಮಾಡಿ ಕೇಳಿದ್ಲು ಕಣಮ್ಮ.”

ತ್ರಿವೇಣಿಯ ಅಮ್ಮ ಬಸಲಿಂಗಮ್ಮ ಸಸಿಯನ್ನು ಮಡಿಲಿಗೆ ಎಳೆದುಕೊಂಡರು. “ಇದನ್ನ ಸಮಾಧಿ ಮೇಲೇ ನೆಡ್ಬೇಕು.”

“ಅಮ್ಮಾ, ಅಲ್ಲಿ ಉಪ್ಪು ಸುರೀತಾರ. ಬೇರು ಸುಡ್ತದ.”

“ನೀನೂ ಅವರಂಗೇ ಆಡು.”

*

ಯಾರೇ ಸಸಿ ಕೇಳಲಿ, ಮೇಷ್ಟ್ರು ಮೊದಲು ಅವರ ಅಂಗಳದ ಮಣ್ಣು ತರಿಸುತ್ತಿದ್ದರು. ನಿಂಬೆರಸ ಹಿಂಡಿ, ನೊರೆ ಎದ್ದರೆ, “ಸುಣ್ಣ ಐತ್ರಿ. ಕಣಗಿಲೆ ಹಾಕ್ರಿ, ಬೇವು ಹಾಕ್ರಿ,” ಎನ್ನುತ್ತಿದ್ದರು. ಅವರು ಹೇಳಿದ್ದು ಒಣಗಿದ್ದಿಲ್ಲ.

ಮದುವೆಯಾದ ವರ್ಷ ಬಸಲಿಂಗಮ್ಮ ಸಂಪಿಗೆ ಕೇಳಿದ್ದರು. ಅವರೆದುರೇ ನಿಂಬೆ ಹಿಂಡಿ, ನೊರೆ ತೋರಿಸಿ, “ಈ ಮಣ್ಣಿಗೆ ಸಂಪಿಗೆ ಬರಾಂಗಿಲ್ಲ,” ಎಂದು ಮೇಷ್ಟ್ರು ನಕ್ಕಿದ್ದರು. ಆಕೆ ನಕ್ಕಿರಲಿಲ್ಲ.

*

ದೇಹ ಗುಂಡಿಗಿಳಿಯಿತು. ವಿಭೂತಿ ಆಯಿತು. ಉಪ್ಪಿನ ಚೀಲಗಳು ಬಾಯಿ ಬಿಚ್ಚಿದವು.

“ನಡುಮಧ್ಯಕ್ಕೆ ಉಪ್ಪು ಬೇಡ ಸ್ವಾಮಿ, ನನ್ನ ಗಿಡ ಬರುತ್ತೆ,” ಎಂದರು ಬಸಲಿಂಗಮ್ಮ.

“ಅದು ಹೆಂಗ್ ಬಿಡಾಕ ಬರ್ತದವ್ವ?” ಕ್ರಿಯೆ ಮಾಡಿಸುತ್ತಿದ್ದ ಪಂಚಾಕ್ಷರಯ್ಯ ಸ್ವಾಮಿಗಳು ತ್ರಿವೇಣಿಯತ್ತ ತಿರುಗಿದರು. “ಹೊತ್ತಾಗ್ತದ. ನೀನಾರ ಹೇಳು.”

ನೆರೆದವರೆಲ್ಲ ಅವಳನ್ನೇ ನೋಡಿದರು. ಅಮ್ಮನಿಗೆ ಹೂಂ ಎನ್ನುವುದು ಸುಲಭವಿತ್ತು.

“ಉಪ್ಪು ಬಿಟ್ರೂ ಕೆಳಗ ಸುಣ್ಣ ಐತಮ್ಮ. ಎಲೆ ಹಳದಿ ಆಗಿ, ಒಂದೊಂದೇ ಉದುರ್ತದ. ದಿನಾ ಅದನ್ನ ನೋಡಾಕಿ ನೀನೇ.”

ಬಸಲಿಂಗಮ್ಮ ಸಸಿಯನ್ನು ಎಡಗೈಗೆ ತೆಗೆದುಕೊಂಡರು. ಆಮೇಲೆ ಸ್ವಾಮಿಗಳಿಗೆ, “ಹಾಕಿ,” ಎಂದರು.

ಉಪ್ಪು ಎದೆಮಟ್ಟಕ್ಕೆ ಏರಿತು. ಹುಲುಗಪ್ಪ ಮೊದಲ ಹಿಡಿಗೆಂದು ಬಿಳಿಮಣ್ಣಿನ ಪುಟ್ಟಿ ಒಡ್ಡಿದ. ಬಸಲಿಂಗಮ್ಮ ಅದನ್ನು ಮುಟ್ಟಲಿಲ್ಲ. ಸಸಿಯ ಚೀಲವನ್ನು ಉಗುರಿನಿಂದ ಸೀಳಿ, ಬೇರಿಗಂಟಿದ್ದ ಮಣ್ಣನ್ನು ಹಿಸುಕಿ ಹಿಸುಕಿ ಉದುರಿಸಿದರು. ಒಂದು ಹಿಡಿ, ಎರಡು, ಮೂರು.

ಬಿಳಿ ಉಪ್ಪಿನ ಮೇಲೆ ಮಡಕಶಿರದ ಕೆಮ್ಮಣ್ಣು ಹರಡಿತು. ಎಡಗೈಯಲ್ಲಿ ಬರಿಬೇರಿನ ಸಸಿ ಜೋತಾಡುತ್ತಿತ್ತು.