ಬೋರಲು ಹಾಕದ ಕೊಡ

"ದೊಡ್ಡ ತೆರಿ ಅಡ್ಡ ಹೊಡದ್ರ ಬೋಟ್ ಏನಾಗ್ತೈತಿ? ಬಾಯಿ ಬಿಟ್ಟು ಹೇಳವಾ," ಎಂದ ತರಬೇತಿ ಕೊಡುವ ಮಾನ್ವೆಲ್.

ಕಾಳಿ ಹೊಳೆಯ ದಂಡೆಯಲ್ಲಿ ಮಧುಮತಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ನಿಂತಿದ್ದಳು. ಪ್ರವಾಸಿಗರನ್ನು ಒಯ್ಯುವ ರಬ್ಬರಿನ ದೋಣಿಗೆ, ರಾಫ್ಟಿಗೆ, ಗೈಡ್ ಆಗಲು ಇದೊಂದೇ ಪರೀಕ್ಷೆ ಬಾಕಿ. ಹುಟ್ಟು ಹಾಕುವುದು, ಈಜುವುದು ಎಲ್ಲ ಅವಳಿಗೆ ಸಲೀಸು. ಆ ಒಂದು ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

"ಅದು... ಹಂಗ ಆಗ್ತೈತಿ, ಅಣ್ಣಾ."

"ಹಂಗ ಅಂದ್ರ ಹೆಂಗ? ಡಬ್ಬ ಬೀಳ್ತೈತಿ ಅನ್ನು. ಅಷ್ಟು ಹೇಳಲಾರದಾಕಿ ಕೈಯಾಗ ಮಂದಿ ಜೀವಾ ಹೆಂಗ ಕೊಡ್ಲಿ?"

ಹೇಳುವುದೆಲ್ಲಿಂದ ಬಂತು! ಕಾರ್ಖಾನೆಯ ಪಾಳಿ ಮುಗಿಸಿ ಮೀನಿಗೆ ಹೋದ ಅಪ್ಪ ಯಲ್ಲಪ್ಪನ ಹರಿಗೋಲು ಇದೇ ಹೊಳೆಯಲ್ಲಿ ಮಗುಚಿ ಅವನು ಮುಳುಗಿದಂದಿನಿಂದ ಅವರ ಮನೆಯಲ್ಲಿ ಆ ಮಾತಿಗೆ ಜಾಗವೇ ಇರಲಿಲ್ಲ. ಮಾತು ಹಾಗಿರಲಿ, ತೊಳೆದ ಪಾತ್ರೆಯನ್ನು ಕೂಡ ಅವ್ವ ದುರ್ಗವ್ವ ಬೋರಲು ಹಾಕುತ್ತಿರಲಿಲ್ಲ. ಚರಿಗೆ, ಕೊಡ, ಬೋಗುಣಿ ಎಲ್ಲವೂ ಬಾಯಿ ಮೇಲಾಗಿಯೇ ಕೂತು, ತಳದಲ್ಲಿ ನೀರು ಉಳಿದು ಕಲೆಗಟ್ಟುತ್ತಿದ್ದವು. ಯಾರಾದರೂ ನಕ್ಕರೆ, "ನಮ್ಮ ಮನ್ಯಾಗ ಹಂಗ ಇಡೂದಿಲ್ರಿ" ಎನ್ನುವಳು, ಅಷ್ಟೇ.

ಇವತ್ತು ಅದೇ ಅವ್ವ ಬಂಡೆಯ ಮೇಲೆ ಸೆರಗು ಬಾಯಿಗೊತ್ತಿ ಕೂತಿದ್ದಳು. "ಹೊಳಿ ಒಬ್ಬರನ್ನ ತಗೊಂಡೈತಿ. ನೀನೂ ಹ್ವಾದ್ರ ನಾ ಯಾರ ಮುಖಾ ನೋಡ್ಲಿ?" ಎಂದು ಬೆಳಿಗ್ಗೆಯೇ ಅತ್ತಿದ್ದಳು.

ಇಬ್ಬರೂ ಹತ್ತಿದ ರಾಫ್ಟು ಮಡುವಿಗೆ ಬಂತು. "ಈಗ ನಾವ ಬೇಕಂತ ಡಬ್ಬ ಹಾಕೂಣು. ಕೆಳಗ ಸಿಕ್ಕರ ಗಾಬರಿ ಆಗಬ್ಯಾಡ," ಎಂದು ಮಾನ್ವೆಲ್ ಹಗ್ಗ ಹಿಡಿದು ಹಿಂದಕ್ಕೆ ವಾಲಿದ. ಆಕಾಶ ಗಿರ್ರನೆ ತಿರುಗಿ ನೀರಾಯಿತು.

ಮೇಲೆ ಬಂದವಳ ತಲೆ ರಬ್ಬರಿಗೆ ಬಡಿಯಿತು. ಮುಗೀತು ನನ್ನ ಕಥೆ ಎಂದುಕೊಂಡು ಬಾಯಿ ತೆರೆದಳು. ಅಯ್ಯ, ಗಾಳಿ! ರಾಫ್ಟಿನಡಿ ಒಂದು ಸಣ್ಣ ಕೋಣೆಯಷ್ಟು ಗಾಳಿ. ಕೆಳಗಿನಿಂದ ಹಸಿರು ಬೆಳಕು ನಡುಗುತ್ತ ಮೇಲೇರಿ ಅವಳ ಕೈಮೇಲೆ ಆಡುತ್ತಿತ್ತು. ಹೊಳೆಯ ಸದ್ದೆಲ್ಲ ಎಲ್ಲೋ ದೂರ. ಕಿವಿತುಂಬ ತನ್ನದೇ ಉಸಿರು. ಇಂಥದೊಂದು ಜಾಗ ಇಲ್ಲಿರುವುದು ಯಾರಿಗೆ ಗೊತ್ತಿತ್ತು?

"ಡಬ್ಬ ಬಿದ್ದೈತಿ," ಎಂದಳು ಮೆಲ್ಲಗೆ. ಮಾತು ರಬ್ಬರಿಗೆ ತಾಗಿ ಅವಳಿಗೇ ಮರಳಿತು.

ಹೊರಬಂದು, ರಾಫ್ಟಿನ ಬೆನ್ನೇರಿ, ಹಗ್ಗ ಜಗ್ಗಿ ಅದನ್ನು ನೆಟ್ಟಗೆ ಮಾಡಿದಾಗ ಅವ್ವ ನಡುಮಟ ನೀರಿನಲ್ಲಿ ನಿಂತು ಕೂಗುತ್ತಿದ್ದಳು.

"ಎಲ್ಲಿದ್ದೀ ಇಷ್ಟೊತ್ತು? ಜೀವಾ ತಗೀತಿ ನನ್ನ!"

"ಅದರ ಕೆಳಗ ಇದ್ದೆನವಾ. ಡಬ್ಬ ಬಿದ್ದದ್ರ ಕೆಳಗೂ ಗಾಳಿ ಇರತೈತಿ. ನಾ ಮಾತಾಡಿದೆ ಒಳಗ."

ದುರ್ಗವ್ವ ಮಗಳ ರಟ್ಟೆ ಹಿಡಿದುಕೊಂಡೇ ಹೊಳೆಯನ್ನು ನೋಡಿದಳು. "ಖರೇನ?" ಎಂದಳು. "ಹಂಗಾರ ಹರಿಗೋಲಿನ ಕೆಳಗ ನಿಮ್ಮಪ್ಪಾರೂ ಒಂದೀಟು ಉಸರು ತಗೊಂಡಿರಬೇಕು. ಏನಾರ ಅಂದಿರಬೇಕು."

ಸಂಜೆ ಅಂಗಳದಲ್ಲಿ ದುರ್ಗವ್ವ ಕೊಡ ತೊಳೆದಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಡೆಗೆ ಕಟ್ಟೆಯ ಮೇಲೆ ಮೆಲ್ಲಗೆ ಬೋರಲು ಹಾಕಿದಳು. ಆಮೇಲೆ ಏನೋ ನೆನಪಾದಂತೆ ಬಗ್ಗಿ, ಒಳಗೆ ಗಾಳಿಯಾಡಲೆಂದು ಅದರ ಅಂಚಿನಡಿ ಒಂದು ಸಣ್ಣ ಕಲ್ಲು ಇಟ್ಟಳು.